ದಂಡವೋ ಸುಂಕವೋ: ನೊಯ್ಯಲ್ ತೀರದ ಒಂದು ಪಾಠ

ಭಾಷಾವಿಜ್ಞಾನದ ಪತ್ರಿಕೆಯಲ್ಲಿ ಅರ್ಥವ್ಯತ್ಯಾಸವನ್ನು ಓದುವಾಗ ಅರ್ಥವಿಸ್ತಾರ, ಅರ್ಥಸಂಕೋಚ, ಉತ್ತಮಾರ್ಥ, ಹೀನಾರ್ಥ ಎಂಬ ವಿಭಾಗಗಳನ್ನೂ ಅವುಗಳಿಗೆ ಸಲ್ಲುವ ಒಂದೆರಡು ಉದಾಹರಣೆಗಳನ್ನೂ ಕಂಠಪಾಠ ಮಾಡುವುದು ವಾಡಿಕೆ. ಒಂದು ಪದದ ಅರ್ಥ ಬದಲಾದಾಗ ಜನರ ಬದುಕಿನಲ್ಲಿ ಏನು ಬದಲಾಗುತ್ತದೆ ಎಂಬ ಪ್ರಶ್ನೆ ಮಾತ್ರ ಪಠ್ಯದ ಹೊರಗೇ ಉಳಿಯುತ್ತದೆ. ‘ದಂಡ’ ಎಂಬ ಪದವೊಂದನ್ನು ಹಿಡಿದು ಆ ಪ್ರಶ್ನೆಯನ್ನು ಕೇಳುವುದು ಈ ಪಾಠದ ಉದ್ದೇಶ. ಅಪರಾಧಕ್ಕೆ ಯಾವ ಶಿಕ್ಷೆ, ಎಷ್ಟು ಶಿಕ್ಷೆ ಎಂಬುದನ್ನು ವೆಚ್ಚ ಮತ್ತು ಲಾಭಗಳ ಲೆಕ್ಕದಿಂದ ನಿರ್ಧರಿಸಬಹುದೇ ಎಂಬ ಚರ್ಚೆ ಇಂದು ನ್ಯಾಯಶಾಸ್ತ್ರ, ಅರ್ಥಶಾಸ್ತ್ರಗಳೆರಡರಲ್ಲಿಯೂ ನಡೆದಿದೆ. ಆ ಚರ್ಚೆಗೆ ಬೇಕಾದ ನಿದರ್ಶನ ನೆರೆಯ ತಮಿಳುನಾಡಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಹರಿಯುವ ನೊಯ್ಯಲ್ ನದಿಯ ದಡದಲ್ಲಿ ದೊರೆಯುತ್ತದೆ.

ಒಂದು ಪದ, ಹಲವು ಅರ್ಥ

ಸಂಸ್ಕೃತದಲ್ಲಿ ದಂಡವೆಂದರೆ ಮೊದಲಿಗೆ ಕೋಲು. ಕೋಲು ಹಿಡಿದವನು ಶಿಕ್ಷಿಸಬಲ್ಲವನು; ಆದ್ದರಿಂದ ಅದು ಅರಸನ ಶಿಕ್ಷಾಧಿಕಾರಕ್ಕೆ ಹೆಸರಾಯಿತು. ಸಾಮ, ದಾನ, ಭೇದಗಳ ಜೊತೆಗೆ ನಾಲ್ಕನೆಯ ಉಪಾಯವಾಯಿತು. ಸೇನೆ ಎಂಬ ಅರ್ಥವನ್ನೂ ಪಡೆಯಿತು. ಕನ್ನಡದ ದಂಡು, ದಂಡನಾಯಕ, ಇಂದಿನ ತಾಲ್ಲೂಕು ದಂಡಾಧಿಕಾರಿ ಇವೆಲ್ಲ ಆ ಬೇರಿನಿಂದಲೇ ಒಡೆದ ಕವಲುಗಳು. ಶಿಕ್ಷೆಯನ್ನು ಹಣದ ರೂಪದಲ್ಲಿ ತೀರಿಸುವ ಪದ್ಧತಿ ನೆಲೆಗೊಂಡಂತೆ ದಂಡವೆಂದರೆ ತೆರುವ ಹಣವೂ ಆಯಿತು. ಕರ್ನಾಟಕದ ದಾನಶಾಸನಗಳಲ್ಲಿ ದಂಡದೋಷಗಳಿಂದ ಬರುವ ಹಣವು ಇತರ ತೆರಿಗೆಗಳ ಸಾಲಿನಲ್ಲಿಯೇ ಒಂದು ಆದಾಯದ ಬಾಬಾಗಿ ಕಾಣಿಸಿಕೊಳ್ಳುತ್ತದೆ. ಅರಸನು ಊರನ್ನು ದಾನಮಾಡುವಾಗ ಅಲ್ಲಿನ ಅಪರಾಧಗಳ ಆದಾಯವನ್ನೂ ದಾನಮಾಡುತ್ತಿದ್ದನು. ಆಡುಮಾತಿನಲ್ಲಿ ಈ ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ‘ದುಡ್ಡು ದಂಡವಾಯಿತು’, ‘ಹೊತ್ತು ದಂಡ’ ಎನ್ನುವಾಗ ದಂಡವೆಂದರೆ ವ್ಯರ್ಥ, ಪ್ರತಿಫಲವಿಲ್ಲದ ಖರ್ಚು.

ನೆರೆಯ ಭಾಷೆಗಳಲ್ಲಿ ಇದೇ ಪದಗಳು ಬೇರೆ ಬೇರೆ ಜಾಗದಲ್ಲಿ ನಿಂತಿವೆ. ಮರಾಠಿಯ ವ್ಯವಹಾರದಲ್ಲಿ ದಂಡವೆಂದರೆ ಮುಖ್ಯವಾಗಿ ಹಣ. ಉಳಿದ ದಂಡನೆಗೆ ‘ಶಿಕ್ಷಾ’ ಎಂಬ ಪದ ಬೇರೆ ಇದೆ. ತಮಿಳಿನಲ್ಲಿ ‘ತಂಡನೈ’ ಎಂದರೆ ಶಿಕ್ಷೆ; ‘ತಂಡಂ’ ಎಂಬುದಕ್ಕೆ ಕನ್ನಡದಂತೆಯೇ ವ್ಯರ್ಥ ಎಂಬ ಅರ್ಥವೂ ಉಂಟು. ಆದರೆ ತೆರುವ ದಂಡಕ್ಕೆ ತಮಿಳರು ಹೇಳುವ ಮಾತು ‘ಅಬರಾದಂ’. ಅದು ನಮ್ಮ ‘ಅಪರಾಧ’ವೇ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ತಪ್ಪಿನ ಹೆಸರಾಗಿರುವ ಪದ ತಮಿಳಿನಲ್ಲಿ ತಪ್ಪಿಗೆ ತೆರುವ ಹಣದ ಹೆಸರಾಗಿದೆ. ಕನ್ನಡದ ಕಚೇರಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ‘ಜುಲ್ಮಾನೆ’ಯ ಕಥೆಯೂ ಇಂಥದೇ, ಅಪರಾಧವೆಂಬ ಅರ್ಥದ ‘ಜುರ್ಮ್’ ಎಂಬ ಪದದಿಂದ ಹುಟ್ಟಿ ಅದು ಹಣವನ್ನು ಸೂಚಿಸುತ್ತದೆ. ತಪ್ಪಿನಿಂದ ಹಣದ ಕಡೆಗೆ ಅರ್ಥ ಸರಿಯುವುದು ಹೀಗೆ ಹಲವು ಭಾಷೆಗಳಲ್ಲಿ ನಡೆದಿದೆ. ಹಣ ತೆತ್ತರೆ ತಪ್ಪು ತೀರಿತು ಎಂಬ ಭಾವನೆ ಆ ಸರಿತದ ಒಳಗೆ ಅಡಗಿದೆ. ಅದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಮುಂದೆ ನೋಡಬೇಕು.

ತಕ್ಕಡಿಯ ಶಾಸ್ತ್ರ

ಶಿಕ್ಷೆಯನ್ನು ತೂಗಿ ಕೊಡಬೇಕೆಂಬ ವಿಚಾರ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಉಗ್ರದಂಡದಿಂದ ಜನ ಹೆದರಿ ದೂರವಾಗುತ್ತಾರೆ, ಮೃದುದಂಡದಿಂದ ಅರಸನನ್ನು ಕಡೆಗಣಿಸುತ್ತಾರೆ, ತಕ್ಕ ದಂಡವನ್ನು ಕೊಡುವವನು ಮಾತ್ರ ಗೌರವ ಪಡೆಯುತ್ತಾನೆ ಎಂಬ ನಿಲುವನ್ನು ತಾಳುತ್ತದೆ. ಈ ಗ್ರಂಥವನ್ನು ಓಲೆಗರಿಯಿಂದ ಎತ್ತಿ 1909ರಲ್ಲಿ ಮೊದಲಬಾರಿಗೆ ಅಚ್ಚಿಗೆ ತಂದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು ಎಂಬುದನ್ನು ಕನ್ನಡ ವಿದ್ಯಾರ್ಥಿಗಳು ಮರೆಯಬಾರದು. ಯುರೋಪಿನಲ್ಲಿ ಇಟಲಿಯ ಬೆಕಾರಿಯಾ 1764ರಲ್ಲಿ ಪ್ರಕಟಿಸಿದ ಅಪರಾಧ ಮತ್ತು ಶಿಕ್ಷೆಗಳ ಕುರಿತ ಕೃತಿಯಲ್ಲಿ, ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಚಿತತೆಯೇ ಅಪರಾಧವನ್ನು ಹೆಚ್ಚಾಗಿ ತಡೆಯುತ್ತದೆ ಎಂದು ವಾದಿಸಿದನು. ಇಂಗ್ಲೆಂಡಿನ ಬೆಂಥಮ್ ಸುಖದುಃಖಗಳ ಲೆಕ್ಕವನ್ನು ಶಾಸನರಚನೆಗೆ ಅನ್ವಯಿಸಿದನು.

1968ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಈ ವಿಚಾರಕ್ಕೆ ಗಣಿತದ ರೂಪ ಕೊಟ್ಟನು. ಅವನ ವಾದದ ತಿರುಳು ಸರಳವಾದುದು. ಕಾನೂನು ಮುರಿಯುವವನು ತನಗೆ ದೊರೆಯುವ ಲಾಭವನ್ನು ದಂಡದ ಮೊತ್ತದೊಂದಿಗೆ ಮಾತ್ರ ಹೋಲಿಸುವುದಿಲ್ಲ; ಸಿಕ್ಕಿಬೀಳುವ ಸಂಭವದಿಂದ ದಂಡವನ್ನು ಗುಣಿಸಿ ಹೋಲಿಸುತ್ತಾನೆ. ಒಂದು ತಪ್ಪಿನಿಂದ ಒಂದು ಲಕ್ಷ ರೂಪಾಯಿ ಉಳಿಯುತ್ತದೆ, ಸಿಕ್ಕಿಬಿದ್ದರೆ ಐದು ಲಕ್ಷ ದಂಡ ಎಂದಿಟ್ಟುಕೊಳ್ಳೋಣ. ಹತ್ತರಲ್ಲಿ ಒಂದು ಸಲ ಮಾತ್ರ ಸಿಕ್ಕಿಬೀಳುವುದಾದರೆ ಅವನ ಲೆಕ್ಕದಲ್ಲಿ ದಂಡದ ಭಾರ ಐವತ್ತು ಸಾವಿರ ಮಾತ್ರ. ತಪ್ಪು ಮಾಡುವುದೇ ಲಾಭ. ಇತ್ತ ಸರ್ಕಾರಕ್ಕೂ ಪೊಲೀಸು, ನ್ಯಾಯಾಲಯ, ಸೆರೆಮನೆಗಳ ವೆಚ್ಚವಿದೆ. ಅಪರಾಧದಿಂದ ಆಗುವ ನಷ್ಟ ಮತ್ತು ಅಪರಾಧವನ್ನು ತಡೆಯಲು ಆಗುವ ವೆಚ್ಚ ಇವೆರಡರ ಮೊತ್ತ ಆದಷ್ಟು ಕಡಿಮೆಯಾಗುವಂತೆ ನೀತಿಯನ್ನು ರೂಪಿಸಬೇಕು ಎಂಬುದು ಇಲ್ಲಿನ ತತ್ತ್ವ. ವೆಚ್ಚ–ಲಾಭ ವಿಶ್ಲೇಷಣೆ ದಂಡನೀತಿಗೆ ಪ್ರವೇಶಿಸಿದ್ದು ಈ ದಾರಿಯಿಂದ. ಬೆಕರ್‌ಗೆ 1992ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ಲೆಕ್ಕ ಕೇವಲ ಕಠಿಣ ಮನಸ್ಸಿನವರ ಸಾಧನವೆಂದು ಭಾವಿಸಬೇಕಾಗಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಶಾಸನಸಭೆಗೆ ಸೇರಿದ ಸಂಶೋಧನ ಸಂಸ್ಥೆಯೊಂದು 2006ರಲ್ಲಿ, ಹೊಸ ಸೆರೆಮನೆ ಕಟ್ಟುವ ಖರ್ಚನ್ನೂ ಕೈದಿಗಳಿಗೆ ಶಿಕ್ಷಣ, ಚಿಕಿತ್ಸೆ, ಕುಟುಂಬಗಳಿಗೆ ನೆರವು ಮುಂತಾದ ಕಾರ್ಯಕ್ರಮಗಳ ಖರ್ಚನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿತು. ಎರಡನೆಯದರಿಂದ ಮರು ಅಪರಾಧಗಳೂ ಖರ್ಚೂ ಕಡಿಮೆಯಾಗುತ್ತವೆ ಎಂದು ಕಂಡುಬಂದುದರಿಂದ ಮರುವರ್ಷ ಅಲ್ಲಿನ ಶಾಸನಸಭೆ ಕಟ್ಟಬೇಕೆಂದಿದ್ದ ಒಂದು ಸೆರೆಮನೆಯನ್ನು ಕೈಬಿಟ್ಟು ಹಣವನ್ನು ಆ ಕಾರ್ಯಕ್ರಮಗಳಿಗೆ ಒದಗಿಸಿತು. ಕಟುವಾಗಿ ಶಿಕ್ಷಿಸುವುದೂ ‘ದಂಡ’ವಾಗಬಹುದು, ಅಂದರೆ ವ್ಯರ್ಥವಾಗಬಹುದು ಎಂಬುದನ್ನು ಲೆಕ್ಕವೇ ತೋರಿಸಿಕೊಟ್ಟ ಪ್ರಸಂಗವಿದು.

ನದಿ ಮತ್ತು ಬಣ್ಣ

ಇನ್ನು ನೊಯ್ಯಲ್ ನದಿಗೆ ಬರಬಹುದು. ಕೊಯಮತ್ತೂರು ಸೀಮೆ ಕನ್ನಡಕ್ಕೆ ಹೊರಗಿನದಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿಯುವವರೆಗೆ ಅದು ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಗ್ಗದ ಕಸುಬಿನ ದೇವಾಂಗರು ಅಲ್ಲಿ ಇಂದಿಗೂ ಮನೆಯೊಳಗೆ ಕನ್ನಡವಾಡುತ್ತಾರೆ. ನೊಯ್ಯಲ್ ಪಶ್ಚಿಮಘಟ್ಟದ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು, ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಮಳೆಗಾಲದಲ್ಲಿ ಮಾತ್ರ ಮೈತುಂಬುವ ಸಣ್ಣ ನದಿ ಅದು.

ಬನಿಯನ್ನಿನ ಊರೆಂದು ಹೆಸರಾದ ತಿರುಪ್ಪೂರು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಹೆಣಿಗೆ ಉಡುಪುಗಳ ರಫ್ತಿನ ದೊಡ್ಡ ಕೇಂದ್ರವಾಯಿತು. ಹತ್ತಿಯ ಬಟ್ಟೆಗೆ ಬಣ್ಣ ಹತ್ತಬೇಕಾದರೆ ಬಣ್ಣದ ನೀರಿಗೆ ಬಹಳಷ್ಟು ಉಪ್ಪನ್ನು ಬೆರೆಸಬೇಕು. ಬಣ್ಣ ನೂಲಿಗೆ ಹಿಡಿಯುತ್ತದೆ. ಉಪ್ಪು ನೀರಿನಲ್ಲಿಯೇ ಉಳಿಯುತ್ತದೆ. ಸಾಮಾನ್ಯ ಶುದ್ಧೀಕರಣದಿಂದ ನೀರಿನ ಬಣ್ಣವನ್ನೂ ಗಸಿಯನ್ನೂ ತೆಗೆಯಬಹುದು. ಕರಗಿದ ಉಪ್ಪನ್ನು ತೆಗೆಯಲಾಗದು. ಅದಕ್ಕೆ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ, ಉಳಿದ ಗಟ್ಟಿ ಉಪ್ಪುನೀರನ್ನು ಕಾಯಿಸಿ ಆವಿ ಮಾಡುವ ದುಬಾರಿ ಯಂತ್ರಗಳು ಬೇಕು. ಆ ಖರ್ಚನ್ನು ಮಾಡದೆ ಬಿಟ್ಟ ನೀರು ನೂರಾರು ಘಟಕಗಳಿಂದ ನದಿಗೆ ಹರಿಯಿತು. ತಿರುಪ್ಪೂರಿನ ಕೆಳಗೆ ನೀರಾವರಿಗೆಂದು ಕಟ್ಟಿ 1992ರಲ್ಲಿ ಬಳಕೆಗೆ ಬಂದ ಒರತ್ತುಪ್ಪಾಳಯಂ ಜಲಾಶಯವು ಕೆಲವೇ ವರ್ಷಗಳಲ್ಲಿ ಬಣ್ಣನೀರಿನ ಗುಂಡಿಯಾಯಿತು. ಬಾವಿಗಳು ಉಪ್ಪಾದವು, ಹೊಲಗಳು ಕೆಟ್ಟವು.

ಇದು ನಾಗರಿಕರ ನಡುವಿನ ವ್ಯಾಜ್ಯ ಮಾತ್ರವಾಗಿರಲಿಲ್ಲ, ಅಪರಾಧವೂ ಆಗಿತ್ತು. 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆಯು, 1988ರ ತಿದ್ದುಪಡಿಯ ನಂತರ, ನದಿಗೆ ವಿಷಕಾರಿ ವಸ್ತುಗಳನ್ನು ಬಿಡುವವರಿಗೆ ಒಂದೂವರೆ ವರ್ಷದಿಂದ ಆರು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತಿತ್ತು. ಆದರೆ ಬೆಕಾರಿಯಾ ಹೇಳಿದ ಖಚಿತತೆ ಅಲ್ಲಿರಲಿಲ್ಲ. ಒಂದೇ ನದಿಗೆ ನೂರಾರು ಕೊಳವೆಗಳು ಸೇರುವಾಗ ಯಾವ ಹೊಲ ಯಾರ ಉಪ್ಪಿನಿಂದ ಕೆಟ್ಟಿತೆಂದು ಕ್ರಿಮಿನಲ್ ನ್ಯಾಯಾಲಯದಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸುವುದು ಸುಲಭವಲ್ಲ. ಪುಸ್ತಕದಲ್ಲಿ ಆರು ವರ್ಷವೆಂದಿದ್ದ ಶಿಕ್ಷೆಯನ್ನು ಸಿಕ್ಕಿಬೀಳುವ ಸಂಭವದಿಂದ ಗುಣಿಸಿದರೆ ಉಳಿಯುತ್ತಿದ್ದುದು ಅತ್ಯಲ್ಪ. ರೈತರು ಬೇರೆ ದಾರಿ ಹಿಡಿದು ಮದರಾಸು ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿಗಳನ್ನು ಸಲ್ಲಿಸಿದರು. ಅವುಗಳಲ್ಲಿ ಮುಖ್ಯವಾದುದು ನೊಯ್ಯಲ್ ನದಿ ಅಚ್ಚುಕಟ್ಟುದಾರರ ರಕ್ಷಣಾ ಸಂಘದ 2003ರ ಅರ್ಜಿ.

ಲೀಟರಿಗೆ ಆರು ಪೈಸೆ

2006ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ನೀಡಿದ ತೀರ್ಪು ವೆಚ್ಚ–ಲಾಭದ ಪಾಠಕ್ಕೆ ಬಹಳ ಉಪಯುಕ್ತವಾದುದು. ಒಂದು ಹನಿಯೂ ಹೊರಗೆ ಹೋಗದಂತೆ ನೀರನ್ನು ಮರುಬಳಸುವ ವ್ಯವಸ್ಥೆಯನ್ನು 2007ರ ಜುಲೈ ಕೊನೆಯೊಳಗೆ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಬಿಡುವ ನೀರಿಗೆ ದಂಡ ತೆರಬೇಕು. ದಂಡದ ದರ ಮೊದಲ ಮೂರು ತಿಂಗಳು ಲೀಟರಿಗೆ 6 ಪೈಸೆ, ಮುಂದಿನ ಎರಡು ತಿಂಗಳು 8 ಪೈಸೆ, ಕೊನೆಯ ಎರಡು ತಿಂಗಳು 10 ಪೈಸೆ.

ದಿನಕ್ಕೆ ಒಂದು ಲಕ್ಷ ಲೀಟರ್ ನೀರು ಬಿಡುವ ಘಟಕವೊಂದನ್ನು ಕಲ್ಪಿಸಿಕೊಂಡರೆ, ಮೊದಲ ದರದಲ್ಲಿ ಅದರ ದಂಡ ದಿನಕ್ಕೆ 6,000 ರೂಪಾಯಿ. ಕೊನೆಯ ದರದಲ್ಲಿ 10,000. ಅದೇ ನೀರನ್ನು ಪೂರ್ತಿ ಶುದ್ಧಗೊಳಿಸಲು ಲೀಟರಿಗೆ 15 ಪೈಸೆ ಬೇಕಾಗುತ್ತದೆಂದು ಲೆಕ್ಕಕ್ಕಾಗಿ ಹಿಡಿದರೆ ಆ ಖರ್ಚು ದಿನಕ್ಕೆ 15,000. ಲೆಕ್ಕ ಬಲ್ಲ ಮಾಲೀಕನು ದಂಡ ಕಟ್ಟಿ ನೀರು ಬಿಡುತ್ತಾನೆ. ಶುದ್ಧೀಕರಣದ ಖರ್ಚು ಲೀಟರಿಗೆ 5 ಪೈಸೆಯಾದರೆ ಅದೇ ಮಾಲೀಕನು ಯಂತ್ರ ಹಾಕಿಸುತ್ತಾನೆ. ಆಗ ಕಾನೂನಿನ ಹೆದರಿಕೆಯಿಂದಾಗಲಿ ನದಿಯ ಮೇಲಿನ ಮಮತೆಯಿಂದಾಗಲಿ ಈ ನಿರ್ಧಾರ ಹುಟ್ಟುವುದಿಲ್ಲ. ಎರಡು ದರಗಳ ನಡುವಣ ವ್ಯತ್ಯಾಸದಿಂದ ಹುಟ್ಟುತ್ತದೆ. ನ್ಯಾಯಾಲಯ ದರವನ್ನು ಏರಿಸುತ್ತ ಹೋದುದರ, ಅದಕ್ಕೊಂದು ಕೊನೆಯ ದಿನವನ್ನು ಕಟ್ಟಿದುದರ ಮರ್ಮ ಇಲ್ಲಿದೆ. ದಂಡಕ್ಕೆ ಗಡುವಿಲ್ಲದಿದ್ದರೆ ಅದು ನದಿಯನ್ನು ಬಾಡಿಗೆಗೆ ಕೊಟ್ಟಂತೆ ಆಗುತ್ತಿತ್ತು.

ಇಲ್ಲಿ ಪದಗಳ ವಿಚಾರಕ್ಕೆ ಮರಳಬೇಕು. ದಂಡ ಮತ್ತು ಸುಂಕ ಎರಡರಲ್ಲಿಯೂ ಕೈಯಿಂದ ಹಣ ಹೋಗುತ್ತದೆ. ಆದರೆ ಸುಂಕ ಕಟ್ಟಿದವನು ಹಕ್ಕು ಪಡೆಯುತ್ತಾನೆ. ದಂಡ ಕಟ್ಟಿದವನು ತಪ್ಪಿತಸ್ಥನೆನಿಸುತ್ತಾನೆ. ಕನ್ನಡದಲ್ಲಿ ಮೂರನೆಯ ಪದವೊಂದಿದೆ, ತಪ್ಪುಕಾಣಿಕೆ. ಅದನ್ನು ಯಾರೂ ಬಲವಂತವಾಗಿ ವಸೂಲು ಮಾಡುವುದಿಲ್ಲ. ತಪ್ಪು ಮಾಡಿದವನೇ ಅದನ್ನು ಒಪ್ಪಿ ದೇವರ ಮುಂದೆ ಇಡುತ್ತಾನೆ, ಮತ್ತೆ ಮಾಡೆನೆಂಬ ಮಾತು ಅದರೊಳಗಿರುತ್ತದೆ. ಬೆಕರ್‌ನ ಸಮೀಕರಣದಲ್ಲಿ ಈ ಮೂರಕ್ಕೂ ಒಂದೇ ಅಕ್ಷರ. ಜನರ ನಡತೆಯಲ್ಲಿ ಮೂರೂ ಬೇರೆ ಬೇರೆ.

ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ಸಾಕ್ಷಿ. ಮಕ್ಕಳನ್ನು ಸಂಜೆ ತಡವಾಗಿ ಕರೆದೊಯ್ಯುವ ತಂದೆತಾಯಿಗಳಿಗೆ ಹತ್ತರಲ್ಲಿ ಆರು ಶಿಶುವಿಹಾರಗಳು ಸಣ್ಣ ದಂಡ ವಿಧಿಸಿದವು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ದಂಡವನ್ನು ತೆಗೆದ ಮೇಲೂ ಹಳೆಯ ಶಿಸ್ತು ಮರಳಲಿಲ್ಲ. 2000ದಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನಡೆಸಿದ ಗ್ನೀಜಿ ಮತ್ತು ರುಸ್ತಿಕೀನಿ, ಜನ ದಂಡವನ್ನು ಬೆಲೆಯೆಂದು ತಿಳಿದರು ಎಂದು ವಿವರಿಸಿದರು. ಶಿಕ್ಷಕಿಯನ್ನು ಕಾಯಿಸುವುದು ತಪ್ಪೆಂದು ಅಳುಕುತ್ತಿದ್ದವರು ಹಣ ಕೊಟ್ಟ ಮೇಲೆ ಅಳುಕಬೇಕಾಗಿಲ್ಲವೆಂದು ಭಾವಿಸಿದರು. ‘ದಂಡ’ ಅವರ ಮನಸ್ಸಿನಲ್ಲಿ ‘ಸುಂಕ’ವಾಗಿ ಮಾರ್ಪಟ್ಟಿತ್ತು. ಭಾಷಾವಿಜ್ಞಾನದಲ್ಲಿ ಅರ್ಥವ್ಯತ್ಯಾಸವೆಂದು ಓದುವ ಸಂಗತಿಯೇ ಇದು.

ಪರಿಹಾರ ಎಂಬ ಎರಡಲಗಿನ ಪದ

ಕನ್ನಡದಲ್ಲಿ ‘ಪರಿಹಾರ’ ಎಂದರೆ ಸಮಸ್ಯೆ ನೀಗುವುದು. ನಷ್ಟಕ್ಕೆ ಕೊಡುವ ಹಣವೂ ಪರಿಹಾರವೇ. ಈ ಎರಡು ಅರ್ಥಗಳನ್ನು ಬೆರೆಸಿದಾಗ ಹಣ ಕೊಟ್ಟ ಕೂಡಲೇ ಸಮಸ್ಯೆ ನೀಗಿತೆಂಬ ಭ್ರಮೆ ಹುಟ್ಟುತ್ತದೆ.

1996ರಲ್ಲಿ ವೆಲ್ಲೂರಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ‘ಮಲಿನಗೊಳಿಸಿದವನೇ ತೆರಬೇಕು’ ಎಂಬ ತತ್ತ್ವವನ್ನು ಭಾರತದ ಕಾನೂನಿನ ಭಾಗವೆಂದು ಸಾರಿತು. ಅದರ ಆದೇಶದಂತೆ ತಮಿಳುನಾಡಿನಲ್ಲಿ ಪರಿಸರ ನಷ್ಟವನ್ನು ಅಳೆಯುವ ಪ್ರಾಧಿಕಾರವೊಂದು ರಚನೆಯಾಯಿತು. ಆ ಪ್ರಾಧಿಕಾರ 2004ರ ಡಿಸೆಂಬರಿನಲ್ಲಿ ನೊಯ್ಯಲ್ ತೀರದ 28,596 ರೈತರಿಗೆ ಸುಮಾರು 24.8 ಕೋಟಿ ರೂಪಾಯಿ ಪರಿಹಾರವನ್ನು ಗೊತ್ತುಪಡಿಸಿತು. ಮೊತ್ತ ದೊಡ್ಡದಾಗಿ ಕಾಣುತ್ತದೆ. ಭಾಗಿಸಿ ನೋಡಿದರೆ ಸರಾಸರಿ ಒಬ್ಬ ರೈತನ ಪಾಲಿಗೆ ಬರುವುದು ಒಂಬತ್ತು ಸಾವಿರ ರೂಪಾಯಿಗೂ ಕಡಿಮೆ. ಉಪ್ಪಾದ ಬಾವಿಯ ಬದಲಿಗೆ ಇನ್ನೊಂದು ಬಾವಿ ತೋಡಿಸಲೂ ಅದು ಸಾಲದು. ತೋಡಿಸಿದರೂ ಅಲ್ಲಿ ಬರುವುದು ಅದೇ ನೀರು.

ವೆಚ್ಚ–ಲಾಭ ವಿಶ್ಲೇಷಣೆಯ ಒಂದು ಮೂಲಭೂತ ತೊಡಕು ಇಲ್ಲಿ ಗೋಚರಿಸುತ್ತದೆ. 1939ರಲ್ಲಿ ಕಾಲ್ಡೋರ್ ಮತ್ತು ಹಿಕ್ಸ್ ಎಂಬ ಅರ್ಥಶಾಸ್ತ್ರಜ್ಞರು ಮುಂದಿಟ್ಟ ಸೂತ್ರದ ಪ್ರಕಾರ, ಒಂದು ಕ್ರಮದಿಂದ ಲಾಭ ಪಡೆದವರು ನಷ್ಟ ಹೊಂದಿದವರಿಗೆ ಪರಿಹಾರ ಕೊಟ್ಟೂ ಲಾಭದಲ್ಲಿ ಉಳಿಯುವಂತಿದ್ದರೆ ಆ ಕ್ರಮ ಸಮಾಜಕ್ಕೆ ಒಳ್ಳೆಯದು. ಗಮನಿಸಬೇಕಾದ ಮಾತು ‘ಕೊಡುವಂತಿದ್ದರೆ’ ಎಂಬುದು. ವಾಸ್ತವವಾಗಿ ಕೊಡಲೇಬೇಕೆಂದು ಸೂತ್ರ ಹೇಳುವುದಿಲ್ಲ. ತಿರುಪ್ಪೂರಿನ ರಫ್ತಿನ ಮೊತ್ತವನ್ನು ಒಂದು ತಟ್ಟೆಯಲ್ಲಿಯೂ ರೈತರ ನಷ್ಟವನ್ನು ಇನ್ನೊಂದರಲ್ಲಿಯೂ ಇಟ್ಟರೆ ಮೊದಲನೆಯದೇ ತೂಗುತ್ತದೆ. ಆದರೆ ಲಾಭ ಒಬ್ಬರ ಮನೆಗೆ, ನಷ್ಟ ಇನ್ನೊಬ್ಬರ ಮನೆಗೆ ಹೋಗಿರುವುದು ಒಟ್ಟು ಮೊತ್ತದಲ್ಲಿ ಕಾಣುವುದೇ ಇಲ್ಲ. 2009ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಘಟಕಗಳ ಮೇಲ್ಮನವಿಯನ್ನು ವಿಚಾರಿಸಿದಾಗ ಈ ತೂಕವನ್ನು ಒಪ್ಪಲಿಲ್ಲ. ವಿದೇಶಿ ವಿನಿಮಯ, ಉದ್ಯೋಗ ಇವು ಮುಖ್ಯವಾದರೂ ನೀರು, ನೆಲಗಳನ್ನು ಕೆಡಿಸುವ ಪರವಾನಗಿಯಾಗಲಾರವು ಎಂಬುದು ಅದರ ನಿಲುವು. ಮಲಿನಗೊಳಿಸಿದವನ ಹೊಣೆ ರೈತನಿಗೆ ಹಣ ಕೊಡುವುದರಲ್ಲಿ ಮುಗಿಯುವುದಿಲ್ಲ, ಕೆಟ್ಟ ಪರಿಸರವನ್ನು ಸರಿಪಡಿಸುವುದೂ ಅದರಲ್ಲಿ ಸೇರಿದೆ ಎಂದು ಅದು ಹೇಳಿತು. ಎಂದರೆ ಪರಿಹಾರದ ಎರಡು ಅರ್ಥಗಳನ್ನೂ ಒಟ್ಟಿಗೆ ಸಲ್ಲಿಸಬೇಕೆಂದು ವಿಧಿಸಿತು.

ಬಾಗಿಲು ಮುಚ್ಚಿದಾಗ

ಗಡುವು ಮೀರಿದರೂ ನದಿಗೆ ಬಣ್ಣನೀರು ಸೇರುವುದು ನಿಲ್ಲಲಿಲ್ಲ. 2011ರ ಜನವರಿ 28ರಂದು ಮದರಾಸು ಉಚ್ಚ ನ್ಯಾಯಾಲಯ ತಿರುಪ್ಪೂರಿನ ಬಣ್ಣದ ಘಟಕಗಳನ್ನೂ ಅವುಗಳ ಸಾಮೂಹಿಕ ಶುದ್ಧೀಕರಣ ಕೇಂದ್ರಗಳನ್ನೂ ಮುಚ್ಚಲು ಆದೇಶಿಸಿತು. ಏಳುನೂರಕ್ಕೂ ಹೆಚ್ಚು ಘಟಕಗಳು ನಿಂತವು. ಇಲ್ಲಿ ಪ್ರಾಮಾಣಿಕವಾದ ಲೆಕ್ಕ ಇನ್ನೊಂದು ಬದಿಯನ್ನೂ ನೋಡಬೇಕು. ತಪ್ಪು ಮಾಡಿದವರು ಮಾಲೀಕರು. ದುಡಿಮೆ ಕಳೆದುಕೊಂಡವರಲ್ಲಿ ಹೊರ ಊರುಗಳಿಂದ ಬಂದ ಕೂಲಿಕಾರರೂ ಇದ್ದರು. ಬಣ್ಣದ ಕೆಲಸ ಬೇರೆ ಊರುಗಳಿಗೆ ಹೋಯಿತು. ಸುತ್ತಿನ ಜಿಲ್ಲೆಗಳಲ್ಲಿ ಗುಟ್ಟಾಗಿಯೂ ನಡೆಯಿತು. ಒಂದು ನದಿಯಿಂದ ಎತ್ತಿದ ಹೊರೆ ಇನ್ನೊಂದು ಹಳ್ಳದ ಮೇಲೆ ಬಿದ್ದರೆ ಅದನ್ನು ಲಾಭವೆಂದು ಬರೆದುಕೊಳ್ಳುವಂತಿಲ್ಲ. ಕೊನೆಗೆ ತಮಿಳುನಾಡು ಸರ್ಕಾರ ಶುದ್ಧೀಕರಣ ಯೋಜನೆಗಳಿಗಾಗಿ 200 ಕೋಟಿ ರೂಪಾಯಿ ಬಡ್ಡಿರಹಿತ ಸಾಲವನ್ನು ಘೋಷಿಸಿತು. ಘಟಕಗಳು ನೀರನ್ನೂ ಉಪ್ಪುನೀರನ್ನೂ ಮರುಬಳಸುವ ವ್ಯವಸ್ಥೆಯೊಂದಿಗೆ ಹಂತಹಂತವಾಗಿ ಮತ್ತೆ ತೆರೆದವು. ಮೊದಲು ಅಸಾಧ್ಯವೆಂದು ವಾದಿಸಿದ ತಂತ್ರಜ್ಞಾನ ಬಾಗಿಲು ಮುಚ್ಚಿದ ಮೇಲೆ ಸಾಧ್ಯವಾಯಿತು. ಅದಕ್ಕೆ ಬೇಕಾದ ಹಣದ ಒಂದು ಪಾಲು ಮಾತ್ರ ಜನರ ತೆರಿಗೆಯಿಂದ ಬಂತು.

ಈ ಪ್ರಸಂಗ ಹಳೆಯದೆಂದು ಬದಿಗಿಡುವಂತಿಲ್ಲ. 2024ರಲ್ಲಿ ಸಂಸತ್ತು ಜಲಮಾಲಿನ್ಯ ಕಾಯಿದೆಯನ್ನು ತಿದ್ದಿ, ಹಲವು ಉಲ್ಲಂಘನೆಗಳಿಗೆ ಇದ್ದ ಸೆರೆವಾಸವನ್ನು ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗಿನ ಹಣದ ದಂಡನೆಯನ್ನು ಇರಿಸಿತು. ಮೊದಲಿಗೆ ಇದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯವಾಯಿತು. ಉಳಿದ ರಾಜ್ಯಗಳು ತಮ್ಮ ಶಾಸನಸಭೆಯ ನಿರ್ಣಯದಿಂದ ಒಪ್ಪಿಕೊಳ್ಳಬಹುದು. ಕೈಗೂಡದ ಸೆರೆವಾಸಕ್ಕಿಂತ ಬೇಗ ವಸೂಲಾಗುವ ದಂಡ ಮೇಲು ಎಂಬುದು ಇದರ ಪರವಾದ ವಾದ. ಬೆಕಾರಿಯಾನ ಮಾತಿನ ಬಲ ಅದಕ್ಕಿದೆ. ದೊಡ್ಡ ಕಾರ್ಖಾನೆಗೆ 15 ಲಕ್ಷವೆಂಬುದು ಸುಂಕವಾಗಿಬಿಡುತ್ತದೆ ಎಂಬುದು ವಿರುದ್ಧವಾದ ವಾದ. ನೊಯ್ಯಲ್ ಮತ್ತು ಹೈಫಾಗಳ ಅನುಭವ ಅದರ ಬೆನ್ನಿಗಿದೆ. ಈ ಎರಡರ ನಡುವೆ ತೀರ್ಮಾನ ಮಾಡುವವರು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ತಪ್ಪಿನಿಂದ ಉಳಿಯುವ ಹಣ ದಂಡಕ್ಕಿಂತ ಹೆಚ್ಚೋ ಕಡಿಮೆಯೋ? ದಂಡಕ್ಕೆ ಗಡುವೂ, ಗಡುವಿನ ಆಚೆಗೆ ಬಾಗಿಲು ಮುಚ್ಚುವ ಅಧಿಕಾರವೂ ಇದೆಯೋ ಇಲ್ಲವೋ? ವಸೂಲಾದ ಹಣ ನಷ್ಟ ಹೊಂದಿದವರನ್ನು ತಲುಪುತ್ತದೆಯೋ, ಹಳೆಯ ದಂಡದೋಷದಂತೆ ಬೊಕ್ಕಸದ ಆದಾಯವಾಗಿ ಉಳಿಯುತ್ತದೆಯೋ?

ವೆಚ್ಚ–ಲಾಭ ವಿಶ್ಲೇಷಣೆಯನ್ನು ತಿರಸ್ಕರಿಸಬೇಕೆಂಬುದು ಈ ಪಾಠದ ಸಾರವಲ್ಲ. ಲೆಕ್ಕ ಹಾಕದಿದ್ದರೆ 28,596 ರೈತರ ನಷ್ಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಲೀಟರಿನ ದರವನ್ನು ಏರಿಸಬೇಕೆಂಬುದೂ ತಿಳಿಯುತ್ತಿರಲಿಲ್ಲ. ಆದರೆ ಲೆಕ್ಕಕ್ಕೆ ಮೊದಲು ಹೆಸರಿಡುವ ಕೆಲಸವಿದೆ. ಒಂದು ಮೊತ್ತವನ್ನು ದಂಡವೆನ್ನುತ್ತೇವೋ, ಸುಂಕವೆನ್ನುತ್ತೇವೋ, ಪರಿಹಾರವೆನ್ನುತ್ತೇವೋ ಎಂಬುದರ ಮೇಲೆ ಅದು ಲೆಕ್ಕದ ಯಾವ ಕಲಮಿಗೆ ಹೋಗುತ್ತದೆ, ತೆತ್ತವನಿಗೆ ಯಾವ ಹಕ್ಕನ್ನು ಕೊಡುತ್ತದೆ ಎಂಬುದು ನಿಂತಿದೆ. ಆಡಳಿತಕ್ಕೋ ನ್ಯಾಯಾಂಗಕ್ಕೋ ಅನುವಾದಕ್ಕೋ ಹೋಗುವ ಕನ್ನಡ ವಿದ್ಯಾರ್ಥಿಗಳು ಈ ಹೆಸರುಗಳ ವ್ಯತ್ಯಾಸವನ್ನು ಕಾಯಬೇಕಾದವರು.

ಅಭ್ಯಾಸಕ್ಕೆ

1. ‘ದಂಡ’ ಪದದ ಅರ್ಥಗಳನ್ನು ಕಾಲಕ್ರಮದಲ್ಲಿ ಜೋಡಿಸಿ, ಎಲ್ಲಿ ಅರ್ಥವಿಸ್ತಾರ, ಎಲ್ಲಿ ಅರ್ಥಸಂಕೋಚ ನಡೆದಿದೆ ಎಂಬುದನ್ನು ಗುರುತಿಸಿ.
2. ದಂಡ, ಸುಂಕ, ಶುಲ್ಕ, ಜುಲ್ಮಾನೆ, ತಪ್ಪುಕಾಣಿಕೆ ಈ ಪದಗಳನ್ನು ನಿಮ್ಮ ಊರಿನ ಪಂಚಾಯಿತಿ, ಬಸ್ ನಿಲ್ದಾಣ, ದೇವಸ್ಥಾನಗಳಲ್ಲಿ ಯಾರು ಯಾವ ಸಂದರ್ಭದಲ್ಲಿ ಬಳಸುತ್ತಾರೆಂದು ಸಂಗ್ರಹಿಸಿ.
3. 1860ರ ‘ಭಾರತೀಯ ದಂಡ ಸಂಹಿತೆ’ಯ ಜಾಗದಲ್ಲಿ 2024ರ ಜುಲೈ 1ರಿಂದ ‘ಭಾರತೀಯ ನ್ಯಾಯ ಸಂಹಿತೆ’ ಜಾರಿಯಲ್ಲಿದೆ. ಹೊಸ ಸಂಹಿತೆಯಲ್ಲಿ ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೂ ಒಂದು ಶಿಕ್ಷೆಯಾಗಿದೆ. ಹೆಸರಿನ ಬದಲಾವಣೆ ಮತ್ತು ಈ ಹೊಸ ಶಿಕ್ಷೆ ಎರಡನ್ನೂ ಪಾಠದ ಬೆಳಕಿನಲ್ಲಿ ಚರ್ಚಿಸಿ.
4. ‘ಪರಿಹಾರ’ದಂತೆ ಎರಡು ಅರ್ಥಗಳನ್ನು ಬೆರೆಸಿ ಭ್ರಮೆ ಹುಟ್ಟಿಸುವ ಇನ್ನೆರಡು ಆಡಳಿತ ಪದಗಳನ್ನು ಹುಡುಕಿ, ಒಂದು ಪುಟದ ಟಿಪ್ಪಣಿ ಬರೆಯಿರಿ.